ವೈನಿ ಅಂದರೆ ಯಾರು

ಹನ್ನೊಂದು ಊರಿನ ಆಸ್ಪತ್ರೆಗಳ ಡಾಕ್ಟರರು, ಎಲ್ಲರಿಗೂ ಮೂಗಿನ ತುದಿಯಲ್ಲೇ ಸಿಟ್ಟು. ಮರೆವಿನ ಕಾಯಿಲೆ ವಂಶದಲ್ಲಿ ಹೇಗೆ ಇಳಿದು ಬರುತ್ತದೆ ಎಂದು ಹುಡುಕುವ ದೊಡ್ಡ ಸಂಶೋಧನೆಗಾಗಿ ಇವರನ್ನೆಲ್ಲ ಒಂದೇ ದಾರಿಗೆ ತರುವುದು ನನ್ನ ಕೆಲಸ. ಒಬ್ಬರು ರಕ್ತ ಕಳಿಸಿದರೆ ವಂಶಾವಳಿ ಕಳಿಸುವುದಿಲ್ಲ. ಇನ್ನೊಬ್ಬರು ವಂಶಾವಳಿ ಕಳಿಸಿ ರಕ್ತವನ್ನು ಫ್ರಿಜ್ಜಿನಲ್ಲೇ ಮರೆಯುತ್ತಾರೆ. ಮೊದಲು ನಿಮ್ಮ ಮರೆವಿಗೆ ಮದ್ದು ಹುಡುಕಿಕೊಳ್ಳಿ ಎಂದು ಒಮ್ಮೆ ಮೀಟಿಂಗಿನಲ್ಲೇ ಅಂದುಬಿಟ್ಟಿದ್ದೆ.

ಹೋದ ಮೀಟಿಂಗಿನಲ್ಲಿ ಲ್ಯಾಬಿನವರು ಸವದತ್ತಿಯ ಮನೆಯೊಂದರ ಬಗ್ಗೆ ತಕರಾರು ತೆಗೆದರು. ಮಥುರಾಬಾಯಿ ಎಂಬಾಕೆಗೆ ಐವತ್ತು ದಾಟುವ ಮೊದಲೇ ಮರೆವು ಹಿಡಿದಿತ್ತು. ರಕ್ತದಲ್ಲಿ ಜೀನಿನ ದೋಷವೂ ಸಿಕ್ಕಿತ್ತು. ಅದೇ ದೋಷ ಅದೇ ಮನೆಯ ಅಭಿಜಿತನಲ್ಲೂ ಇದೆಯಂತೆ. ಆದರೆ ನಮ್ಮ ವಂಶಾವಳಿಯ ಪ್ರಕಾರ ಅವನು ಆಕೆಯ ಮೈದುನ, ಗಂಡನ ತಮ್ಮ. ರಕ್ತಸಂಬಂಧವಿಲ್ಲ ಎಂದೇ ಅವನನ್ನು ಹೋಲಿಕೆಗೆ ಬೇಕಾದ 'ಆರೋಗ್ಯವಂತರ ಗುಂಪಿ'ಗೆ ಸೇರಿಸಿದ್ದೆವು.

"ನಿಮ್ಮ ಕಡೆಯವರು ಟ್ಯೂಬ್ ಅದಲುಬದಲು ಮಾಡಿದ್ದಾರೆ" ಎಂದರು ಲ್ಯಾಬಿನವರು.

ನನಗೆ ಮೈಯೆಲ್ಲ ಉರಿಯಿತು. ಇನ್ನೊಮ್ಮೆ ರಕ್ತ ತಂದು ಅವರ ಬಾಯಿ ಮುಚ್ಚಿಸಲೇಬೇಕೆಂದು, ರಕ್ತದ ಟ್ಯೂಬು ತರುವ ಡಬ್ಬಿ ಹಿಡಿದು ಮರುದಿನವೇ ಧಾರವಾಡದಿಂದ ಸವದತ್ತಿ ಬಸ್ಸು ಹತ್ತಿದೆ.

ಬಾಗಿಲು ತೆಗೆದವನು ಅಭಿಜಿತನೇ. ನವಿಲುತೀರ್ಥದ ಅಣೆಕಟ್ಟಿನ ಆಫೀಸಿನಲ್ಲಿ ಕೆಲಸ, ಇಪ್ಪತ್ತೇಳರ ಹುಡುಗ, ಮುಖದ ತುಂಬ ನಗು.

"ಬರ್ರಿ ಪದ್ಮಜಾ ಮೇಡಂ, ಕುಂತ್ರಿ. ಬೈಲಹೊಂಗಲದಾಗ ನನ್ನ ಲಗ್ನ ಗಟ್ಟಿ ಆತ್ರಿ. ಹುಡುಗಿ ಹೆಸರು ಸುಚೇತಾ. ಈ ಜಡ್ಡು ಮನ್ಯಾಗ ಅದ ಅಂತ ಅವರಪ್ಪ ಹಿಂದಮುಂದ ನೋಡಲಿಕ್ಕೆ ಹತ್ತಿದ್ರು. ನಿಮ್ಮ ಕಾಗದ ತೋರಿಸಿದೆ. ಆರೋಗ್ಯವಂತರ ಗುಂಪು ಅಂತ ಛಾಪಿಸೀರಲ್ಲ, ನೋಡಿದ್ದ ತಡ, ಹೂಂ ಅಂದ್ರು."

ಅಯ್ಯೋ ದೇವರೇ ಅನ್ನಿಸಿತು. ಅದು ರಕ್ತ ಪರೀಕ್ಷೆಗೆ ಮೊದಲೇ ಗುಂಪಿಗೆ ಇಟ್ಟ ಹೆಸರು. ಹಾಗೆಂದು ಹೇಳುವಷ್ಟರಲ್ಲಿ ಒಳಗೆ ಪಾತ್ರೆ ಬಿದ್ದ ಸದ್ದಾಯಿತು.

"ವೈನೀ, ಏನ್ ಬಿತ್ತು?" ಎನ್ನುತ್ತ ಅವನು ಓಡಿದ. ನಾನೂ ಹಿಂದೆ ಹೋದೆ. ಮಥುರಾಬಾಯಿ ನೆಲದ ಮೇಲೆ ಕೂತು ಮಡಚಿದ ಟವೆಲನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದರು. ಬಿದ್ದ ತಂಬಿಗೆಯ ಪರಿವೆಯೇ ಇರಲಿಲ್ಲ.

"ನಿಮ್ಮ ಅಣ್ಣಾವ್ರು ಎಲ್ಲಿ?" ಎಂದೆ.

"ಯಾವ ಅಣ್ಣ?"

"ಇವರ ಯಜಮಾನ್ರು."

"ಅವರು ನಮ್ಮಪ್ಪ ಅಲ್ಲೇನ್ರಿ? ತೀರಿಕೊಂಡು ಭಾಳ ವರ್ಷಾತು. ಇಕಿ ನಮ್ಮವ್ವ." ನನ್ನ ಮುಖ ನೋಡಿ ನಕ್ಕ. "ವೈನಿ ಅಂದೆ ಅಂತೇನು? ಸಣ್ಣಾಂವಿದ್ದಾಗ ನಮ್ಮಪ್ಪನ ತಮ್ಮ, ತ್ರ್ಯಂಬಕ ಕಾಕಾ, ದಿನಾ ವೈನಿ, ವೈನಿ ಅಂತಿದ್ದ. ಕೇಳಿ ಕೇಳಿ ನಾನೂ ಹಂಗ ಕರದೆ. ಅದ ರೂಢಿ ಆತು."

ನಮ್ಮ ಕಡೆಯ ಕೂಡುಮನೆಗಳಲ್ಲಿ ಇದೇನು ಹೊಸದಲ್ಲ. ರಾಮದುರ್ಗದಲ್ಲಿ ನಾನು ನಮ್ಮವ್ವನನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆದೇ ಬೆಳೆದೆ. ಆದರೆ ಫೋನಿನಲ್ಲಿ ಈ ವಂಶಾವಳಿ ಬರೆದುಕೊಂಡ ನಮ್ಮ ಆಫೀಸಿನ ಶಿವಾನಿ ಮೈಸೂರಿನ ಹುಡುಗಿ. ಇವನ ಬಾಯಲ್ಲಿ ಬಂದ ವೈನಿ ಅಂದರೆ ಯಾರು ಎಂದು ಯಾರನ್ನೋ ಕೇಳಿದ್ದಾಳೆ, ಅತ್ತಿಗೆ ಎಂದಿದ್ದಾರೆ. ಹೇಳಿದವರದೂ ಸುಳ್ಳಲ್ಲ.

ಟ್ಯೂಬು ಬದಲಾಗಿರಲಿಲ್ಲ. ಇವನು ಮಗ.

ಈ ದೋಷ ಇದ್ದವರಿಗೆ ಇಂದಲ್ಲ ನಾಳೆ ಮರೆವು ಬರುವುದು ಹೆಚ್ಚುಕಡಿಮೆ ಖಚಿತ. ಅದಕ್ಕೇ ರಕ್ತಸಂಬಂಧಿಗಳನ್ನು ಮೊದಲೇ ಕೂರಿಸಿಕೊಂಡು ಕೇಳುತ್ತೇವೆ: ನಿಮ್ಮಲ್ಲಿ ಇದ್ದರೆ ತಿಳಿಯುವುದು ಬೇಕೋ, ಬೇಡವೋ? ಬೇಡ ಎನ್ನುವುದು ಅವರ ಹಕ್ಕು. ಮೈದುನ ಎಂದು ಬರೆಸಿಕೊಂಡ ಇವನನ್ನು ಯಾರೂ ಕೇಳಿರಲಿಲ್ಲ.

"ಕಾಗದದಾಗ ಒಂದು ಸಣ್ಣ ತಿದ್ದುಪಡಿ ಅದ" ಎಂದೆ. "ನಮ್ಮ ಡಾಕ್ಟರು ನಿಮಗ ಫೋನ್ ಮಾಡತಾರ."

ಅವನ ನಗು ನಿಂತಿತು. ನನ್ನ ಕೈಯಲ್ಲಿದ್ದ ಡಬ್ಬಿಯನ್ನೇ ನೋಡಿದ.

"ಸಣ್ಣ ತಿದ್ದುಪಡಿಗೆ ಧಾರವಾಡದಿಂದ ಬಂದ್ರೇನ್ರಿ? ಎಲ್ಲಾರ ಮನಿಗೂ ಹಿಂಗ ಬರತೀರೇನು?"

ಅಷ್ಟು ಜನ ಡಾಕ್ಟರರ ಬಾಯಿ ಮುಚ್ಚಿಸುವ ನನಗೆ ಒಂದು ಸುಳ್ಳು ಹುಟ್ಟಲಿಲ್ಲ. ಸುಮ್ಮನೆ ನಿಂತೆ. ಸುಮ್ಮನೆ ನಿಂತೇ ಎಲ್ಲ ಹೇಳಿಬಿಟ್ಟೆ ಎಂದು ತಿಳಿಯುವಷ್ಟರಲ್ಲಿ ಅವನ ಮುಖ ಬಿಳಿಚಿತ್ತು.

"ಸುಚೇತಾಗ ಏನ್ ಹೇಳ್ಲಿ?" ಎಂದ.

ಅವನು ಹೋಗಿ ತಾಯಿಯ ಎದುರು ಕೂತ.

"ಅವ್ವಾ" ಎಂದ. ರೂಢಿಯಿಲ್ಲದ ಮಾತು, ಬಾಯಲ್ಲಿ ತಡವರಿಸಿತು.

ಅವರು ಟವೆಲು ಮಡಚುತ್ತಲೇ ಇದ್ದರು.

"ಅವ್ವಾ, ನಾನು. ಅಭಿಜಿತ."

ತಲೆ ಎತ್ತಲಿಲ್ಲ. ಅವನು ಟವೆಲಿನ ಇನ್ನೊಂದು ತುದಿ ಹಿಡಿದುಕೊಂಡ. ಆಮೇಲೆ ಮೆಲ್ಲಗೆ, "ವೈನಿ" ಎಂದ.

ಮಥುರಾಬಾಯಿ ತಟ್ಟನೆ ತಿರುಗಿದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅಕ್ಕರೆಯಿಂದ ನಕ್ಕರು.

"ಯಾಕೋ ತ್ರ್ಯಂಬಕ, ಹಸಿವ್ಯಾತೇನು? ನಿಮ್ಮಣ್ಣ ಬರಲಿ, ಇಬ್ಬರಿಗೂ ಕೂಡೇ ಬಡಸತೇನಿ."

"ಹೂಂ, ವೈನಿ" ಎಂದ ಅಭಿಜಿತ. ಬಿದ್ದಿದ್ದ ತಂಬಿಗೆ ಎತ್ತಿಟ್ಟು, ಅಲ್ಲೇ ಕಾಯುತ್ತ ಕೂತ.