ಗಂಜಲ ಹೊಯ್ದ ಗಾಡಿ

"ಇನ್ನೊಂದ್ ಚೊಂಬು ಹುಯ್ಯೋ ಕೋನಾ! ಸೀಟೆತ್ತಿ ಒಳಕ್ಕೂ ಹುಯ್ಯಿ. ಆ ಕೇರಿ ಮುಂಡೆ ಕುಂಡಿ ಊರಿದ್ ಜಾಗ ಎಲ್ಲಾ ತೊಳೀಬೇಕು."

ಶ್ಯಾಮಲಮ್ಮ ಜಗಲಿಯ ಮೇಲೆ ನಿಂತು ಕೂಗುತ್ತಿದ್ದಳು. ಅವರ ಮನೆಯ ಆಳು ಕೋನಪ್ಪ ಬಕೆಟ್ಟಿನಿಂದ ಗಂಜಲ ತುಂಬಿ ತುಂಬಿ ಸ್ಕೂಟರಿನ ಮೇಲೆ ಸುರಿಯುತ್ತಿದ್ದ. ಗೇಟಿನ ಹೊರಗೆ ಪ್ರಿಯಾಂಕ ಒಡೆದ ತುಟಿಗೆ ವೇಲು ಒತ್ತಿಕೊಂಡು ನೋಡುತ್ತಿದ್ದಳು. ಅರ್ಧ ಗಂಟೆಯ ಹಿಂದೆ ಶ್ಯಾಮಲಮ್ಮನ ಮಗ ಮುರಳಿಮೋಹನ್ ಅವಳನ್ನು ಅದೇ ಸ್ಕೂಟರಿನಿಂದ ಜಡೆ ಹಿಡಿದು ಕೆಳಗೆಳೆದು, ಮುಖ ಮೂತಿ ನೋಡದೆ ಚಚ್ಚಿದ್ದ. ತುಟಿಯ ನೋವು ಹೇಗೋ ತಡೆದುಕೊಂಡಿದ್ದಳು. ಸೀಟಿನ ಕೆಳಗಿನ ವೈರುಗಳ ಮೇಲೆ ಗಂಜಲ ಬೀಳುವುದನ್ನು ಕಂಡಾಗ ತಡೆಯಲಾರದೆ ಕೂಗಿದಳು.

"ಅಮ್ಮಣ್ಣೀ, ಒಳಕ್ಕೆ ಬೇಡ! ಕಂಟ್ರೋಲರ್ ಸುಟ್ಟೋಗ್ತದೆ!"

"ಬಾಯ್ ಮುಚ್ಚೇ! ನಿನ್ನ ಕೇಳ್ಕಂಡು ಮೈಲಿಗೆ ತೊಳೀಬೇಕೇನೇ ನಾನು?"

ಎರಡು ವರ್ಷದ ಹಿಂದೆ ಮುರಳಿ ಮೊಬೈಲಿನಲ್ಲಿ ನೋಡಿ ತರಿಸಿದ್ದ ಅಗ್ಗದ ಎಲೆಕ್ಟ್ರಿಕ್ ಸ್ಕೂಟರ್ ಅದು. ಯಾರೂ ಹೆಸರು ಕೇಳಿರದ ಕಂಪನಿ. ಎಂಟೇ ತಿಂಗಳಿಗೆ ನಾಲ್ಕು ಬ್ಯಾಟರಿಯೂ ಉಬ್ಬಿಕೊಂಡು, ಏರು ಸಿಕ್ಕಿದಲ್ಲೆಲ್ಲ ಇಳಿದು ತಳ್ಳುವಂತಾಗಿ, ಕೊನೆಗೆ ತಿಪ್ಪೆಯ ಪಕ್ಕಕ್ಕೆ ಬಿತ್ತು. ಅದರ ಮೇಲೆ ಕೋಳಿಗಳು ಮಲಗುತ್ತಿದ್ದವು. ತಿಪ್ಪೆ ಬಾಚಲು ಹೋಗಿದ್ದ ಪ್ರಿಯಾಂಕನ ತಾಯಿ ಚಿಕ್ಕಮುನಿಯಮ್ಮನಿಗೆ ಇದೇ ಶ್ಯಾಮಲಮ್ಮ, "ಅದನ್ನೂ ಅತ್ಲಾಗೆ ಎಳ್ಕೊಂಡೋಗೇ, ನೀವೇ ಇಟ್ಕಳ್ಳಿ" ಅಂದಿದ್ದಳು. ಬೇಡದ್ದನ್ನು ಕೊಡುವಾಗ ದೊಡ್ಡವರ ಮನಸ್ಸು ಬಹಳ ದೊಡ್ಡದು.

ಪ್ರಿಯಾಂಕ ಚಿಂತಾಮಣಿಯಲ್ಲಿ ಐಟಿಐ ಎಲೆಕ್ಟ್ರಿಷಿಯನ್ ಓದಿದವಳು. ಓದಿ ಬಂದವಳಿಗೆ ಊರು ಕೊಟ್ಟ ಕೆಲಸ ಮುರಳಿಯ ತೋಟದಲ್ಲಿ ಸೇವಂತಿಗೆ ಬಿಡಿಸುವುದು. ಹೂವು ಬಿಡಿಸಿ ಬಂದ ಮೇಲೆ ಮನೆ ಮುಂದೆ ಗಾಡಿ ಬಿಚ್ಚಿ ಹರಡಿಕೊಂಡು ಕೂರುತ್ತಿದ್ದಳು. ಕಿವಿಯೋಲೆ ಮಾರಿ ಚಿಕ್ಕಬಳ್ಳಾಪುರದಿಂದ ಸೆಕೆಂಡ್ ಹ್ಯಾಂಡ್ ಲಿಥಿಯಂ ಬ್ಯಾಟರಿ ತಂದಳು. ಮೋಟರಿಗೆ ಕರೆಂಟು ಅಳೆದು ಬಿಡುವ ಕಂಟ್ರೋಲರ್ ದೊಡ್ಡದು ಹಾಕಿ, ವೈರಿಂಗ್ ಪೂರ್ತಿ ಬದಲಾಯಿಸಿ, ಬ್ರೇಕು ಹೊಸದು ಕೂರಿಸಿದಳು. ಇಪ್ಪತ್ತೈದರಲ್ಲಿ ತೆವಳುತ್ತಿದ್ದ ಗಾಡಿ ಐವತ್ತರಲ್ಲಿ ಓಡಿತು. ಎಂಟು ಗಂಟೆಯ ತನಕ ಬಸ್ಸು ಕಾಣದ ಊರಿನಿಂದ ಆರಕ್ಕೆಲ್ಲ ಚಿಂತಾಮಣಿ ತಲುಪಿ, ಪ್ಯಾಕಿಂಗ್ ಕಾರ್ಖಾನೆಯ ಮೊದಲ ಪಾಳಿಗೆ ಎಲೆಕ್ಟ್ರಿಷಿಯನ್ ಆಗಿ ಸೇರಿದಳು. ಗಾಡಿ ಹೋದರೆ ಆ ಕೆಲಸ ಹೋಯಿತು, ಮತ್ತೆ ಮುರಳಿಯ ಸೇವಂತಿಗೆ ಸಾಲೇ ಗತಿ. ಅದು ಅವಳಿಗೂ ಗೊತ್ತಿತ್ತು, ಮುರಳಿಗೂ ಗೊತ್ತಿತ್ತು.

ಈ ಬೆಳಿಗ್ಗೆ ಹೊತ್ತಾಗಿತ್ತೆಂದು ಕೆರೆ ಏರಿಯ ಮೇಲೆ ಅವಳು ಮುರಳಿಯ ಬುಲೆಟ್ಟನ್ನು ಹಿಂದೆ ಹಾಕಿದ್ದಳು. ಮಾಡಿದ ತಪ್ಪು ಅಷ್ಟೇ. ಅವನು ಅಟ್ಟಿಸಿಕೊಂಡು ಬಂದು ಅಡ್ಡಗಟ್ಟಿ, "ನನ್ ಗಾಡೀಲೇ ನನ್ಗೆ ಧೂಳು ಕುಡಿಸ್ತೀಯೇನೇ ಲೌಡಿ?" ಎಂದು ಕೈ ಎತ್ತಿದ್ದ. ಆಮೇಲೆ ಗಾಡಿಯನ್ನೂ ಕಿತ್ತುಕೊಂಡು ಮನೆಗೆ ತರಿಸಿದ್ದ.

ಗಂಜಲ ಮುಗಿಯಿತು. ಅರಿಸಿನದ ನೀರೂ ಬಿತ್ತು. ಶುದ್ಧಗೊಂಡ ಗಾಡಿಯ ಮೇಲೆ ಮುರಳಿ ಠೀವಿಯಿಂದ ಕೂತು ಕೀ ತಿರುಗಿಸಿದ. ಟಪ್ ಎಂದಿತು. ಸೀಟಿನ ಸಂದಿಯಿಂದ ಹೊಗೆ ನುಗ್ಗಿತು. ಮುರಳಿ ಚೇಳು ಕಡಿದವನಂತೆ ಕೆಳಕ್ಕೆ ಹಾರಿದ. ಕೋನಪ್ಪನಿಗೆ ನಗು ಬಂದು, ಬಕೆಟ್ ಎತ್ತುವ ನೆಪದಲ್ಲಿ ಮುಖ ತಿರುಗಿಸಿದ.

"ಏಮಿರಾ ಅದಿ?" ಏನೋ ಅದು ಎಂದು ಶ್ಯಾಮಲಮ್ಮ ಮನೆಮಾತು ತೆಲುಗಿನಲ್ಲಿ ಹೌಹಾರಿದಳು.

"ಈ ಮುಂಡೆ ಏನೋ ಮಾಡಿಟ್ಟವಳೆ ಕಣಮ್ಮ. ಎಳ್ಕೊಂಬಾರೋ ಅವ್ಳನ್ನ!"

ಗೇಟು ಮುಟ್ಟಿದರೂ ತೊಳೆಯುತ್ತಿದ್ದ ಆ ಅಂಗಳಕ್ಕೆ ಕೋನಪ್ಪ ಅವಳ ರಟ್ಟೆ ಹಿಡಿದು ಕರೆತಂದ. ಅವನೂ ಅದೇ ಕೇರಿಯವನು. "ಮಾಡ್ಕೊಟ್ಬುಡು ತಾಯಿ, ಸಾಯಿಸ್ಬುಡ್ತಾನೆ" ಎಂದು ಕಿವಿಯಲ್ಲಿ ಗೊಣಗಿದ.

"ರಿಪೇರಿ ಮಾಡು" ಎಂದ ಮುರಳಿ.

"ಮಾಡಲ್ಲ."

ಹೊಡೆತ ಕಪಾಳಕ್ಕೆ ಬಿತ್ತು, ಆಮೇಲೆ ಸೊಂಟಕ್ಕೆ ಒದೆ. ಅಷ್ಟರಲ್ಲಿ ಸುದ್ದಿ ಕೇಳಿದ ಚಿಕ್ಕಮುನಿಯಮ್ಮ ಏದುಸಿರು ಬಿಡುತ್ತಾ ಓಡಿ ಬಂದು ಮುರಳಿಯ ಕಾಲು ಹಿಡಿದಳು. "ಸ್ವಾಮಿ, ನಿಮ್ ಕಾಲಿಗ್ ಬೀಳ್ತೀನಿ, ಮಗೂಗ್ ಹೊಡೀಬೇಡ್ರಪ್ಪಾ..."

ಮುರಳಿ ಕಾಲು ಝಾಡಿಸಿದ. ಮುದುಕಿಯ ತಲೆ ಬಟ್ಟೆ ಒಗೆಯುವ ಕಲ್ಲಿಗೆ ತಗುಲಿತು. ನರೆತ ಕೂದಲಿನೊಳಗಿಂದ ರಕ್ತ ಹುಬ್ಬಿಗೆ ಇಳಿಯಿತು. ಅವಳು ಅಳಲೂ ಇಲ್ಲ, ಕಲ್ಲಿಗೆ ಒರಗಿ ಬಾಯಿ ತೆರೆದುಕೊಂಡು ಕೂತಳು. ಪ್ರಿಯಾಂಕನಿಗೆ ಅಲ್ಲಿಯವರೆಗೆ ಇದ್ದ ಭಯ ಅಲ್ಲಿಗೆ ಮುಗಿಯಿತು.

"ಅಮ್ಮನ್ನ ಮುಟ್ಬೇಡ" ಎಂದಳು. "ಬಿಚ್ತೀನಿ."

ಡಿಕ್ಕಿಯಲ್ಲಿದ್ದ ಸ್ಪ್ಯಾನರ್ ಚೀಲ ತೆಗೆದಳು. ವೇಲನ್ನು ನೆಲಕ್ಕೆ ಹಾಸಿದಳು. ಸುಟ್ಟ ಕಂಟ್ರೋಲರ್ ಮೊದಲು ಬಂತು, ಮೂಗಿಗೆ ಕಮಟು ಹೊಡೆಯಿತು. ಅದನ್ನು ವೇಲಿನ ಮೇಲಿಟ್ಟಳು. ಬ್ಯಾಟರಿಯನ್ನು ಎದೆಗವಚಿ ಎತ್ತಿ ಪಕ್ಕಕ್ಕಿಟ್ಟಳು. ಹ್ಯಾಂಡಲಿನ ಆಕ್ಸಲರೇಟರ್ ಕಳಚಿದಳು. ವೈರುಗಳನ್ನು ಒಂದೊಂದಾಗಿ ಎಳೆದು ಸುರುಳಿ ಸುತ್ತಿದಳು. ಕೆಲಸ ನಡೆಯುತ್ತಿದೆಯೆಂದು ಮುರಳಿ ಸಿಗರೇಟು ಹಚ್ಚಿದ. ಶ್ಯಾಮಲಮ್ಮ ಕಾಫಿ ತರಲು ಒಳಗೆ ಹೋದಳು.

"ಎಷ್ಟು ಬಿಚ್ತೀಯೇ? ಬೇಗ ಬೇಗ ಆಗ್ಲಿ."

"ಎಲ್ಲಾ ಬಿಚ್ಬೇಕು. ಬ್ರೇಕೊಂದು ಬಾಕಿ."

"ಬ್ರೇಕಿಗೇನಾಗೈತೆ?"

"ಏನೂ ಆಗಿಲ್ಲ. ಅದೂ ನಂದೇ. ನೀವು ಕೊಟ್ಟ ತಗಡು, ಚಕ್ರ, ಸೀಟು ಎಲ್ಲಾ ಅಲ್ಲೇ ಐತೆ, ಇಟ್ಕಳಿ. ನಾನ್ ಹಾಕಿದ್ದು ನಾನ್ ತಗಂಡೋಗ್ತೀನಿ."

ಮಾತು ಅರ್ಥವಾಗಲು ಮುರಳಿಗೆ ಒಂದು ಗಳಿಗೆ ಹಿಡಿಯಿತು. ಸಿಗರೇಟು ಎಸೆದು ಬಂದವನು ನೆಲಕ್ಕೂರಿದ್ದ ಅವಳ ಬಲಗೈಯನ್ನು ಬೂಟಿನಲ್ಲಿ ತುಳಿದ. ತುಳಿದು ತಿರುವಿದ. ಬೆರಳು ಮುರಿದ ಸದ್ದು ಕಲ್ಲಿಗೊರಗಿದ್ದ ತಾಯಿಗೂ ಕೇಳಿಸಿತು. ಪ್ರಿಯಾಂಕ ಕಿರುಚಿದ್ದು ಕೇರಿಯ ತನಕ ಹೋಯಿತು.

"ಸೂಳೆಮುಂಡೆ! ಈ ಕೈ ಇದ್ರೆ ತಾನೇ ರಿಪೇರಿ ಮಾಡೋದು?"

ಮತ್ತೆ ತುಳಿಯಲು ಅವನು ಕಾಲೆತ್ತಿದ. ಎಡಗೈಗೆ ಸಿಕ್ಕಿದ ದೊಡ್ಡ ಸ್ಪ್ಯಾನರನ್ನು ಅವಳು ಬೀಸಿದಳು. ಅದು ನೆಲಕ್ಕೂರಿದ್ದ ಕಾಲಿನ ಮಂಡಿಗೆ ಬಿತ್ತು. ಲಟಕ್ಕೆಂದಿತು. ಮುರಳಿ ಗಂಜಲದ ಮಡುವಿಗೆ ಬೋರಲಾಗಿ ಬಿದ್ದು ಒರಲಿದ. ಬಾಗಿಲಿಗೆ ಬಂದ ಶ್ಯಾಮಲಮ್ಮನ ಕೈಯಿಂದ ಕಾಫಿ ಲೋಟ ಜಾರಿತು.

"ಕೋನಾ! ಗೇಟ್ ಹಾಕೋ! ದೊಣ್ಣೆ ತಗೋ, ಚಚ್ಚಾಕೋ ಅವ್ಳನ್ನ!"

ಕೋನಪ್ಪ ಕೊಟ್ಟಿಗೆಯ ಗೋಡೆಗೆ ಒರಗಿದ್ದ ದೊಣ್ಣೆ ಎತ್ತಿಕೊಂಡ. ಎತ್ತಿಕೊಂಡವನು ಚಿಕ್ಕಮುನಿಯಮ್ಮನ ಹಣೆಯ ರಕ್ತ ನೋಡಿದ. ದಣಿ ಬೈಯುತ್ತಲೇ ಇದ್ದ. ಕೋನಪ್ಪ ಗೇಟಿನ ಕಡೆ ನಡೆದ.

ಪ್ರಿಯಾಂಕ ಓಡಲಿಲ್ಲ. ಮುರಿದ ಕೈಯನ್ನು ಮಡಿಲಿಗಿಟ್ಟುಕೊಂಡು ಹಿಂದಿನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಎಡಗೈ ಅಭ್ಯಾಸವಿಲ್ಲದ ಕೈ, ಸ್ಪ್ಯಾನರ್ ಎರಡು ಸಲ ಜಾರಿತು. ಮೂರನೇ ಸಲ ಬ್ರೇಕಿನ ನಟ್ಟಿಗೆ ಕಚ್ಚಿತು. ಹಲ್ಲು ಕಚ್ಚಿ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು. ಹಿಂದೆ ಗೇಟಿನ ಚಿಲಕ ಬಿದ್ದ ಸದ್ದು ಕೇಳಿಸಿತು. ಕೋನಪ್ಪ ದೊಣ್ಣೆ ಹಿಡಿದು ಒಳಗೆ ನಿಂತು ಹಾಕಿದನೋ, ಅವಳನ್ನು ಹೊಡೆಯಲೊಲ್ಲದೆ ಹೊರಗೆ ಹೋಗಿ ಹಾಕಿದನೋ, ಅವಳು ತಿರುಗಿ ನೋಡಲಿಲ್ಲ. ನಟ್ಟು ಅರ್ಧ ಸುತ್ತು ಬಿಟ್ಟುಕೊಂಡಿತ್ತು.