ಸೂಜಿಯ ಕಥೆಗೊಂದು ಹ್ಞೂಂ

ಸುದ್ದಗುಂಟೆಪಾಳ್ಯದ ನಾರಾಯಣಮ್ಮನಿಗೆ ಮಂಡಿಯ ಆಪರೇಷನ್ ಆದ ಮೇಲೆ ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಅವರನ್ನು ನೋಡಿಕೊಳ್ಳಲು ಬರುತ್ತಿದ್ದವಳು ಮೇಘಶ್ರೀ. ನಡುವಿನ ಹೊತ್ತೆಲ್ಲ ಜಯನಗರದ ನರ್ಸಿಂಗ್ ಕಾಲೇಜಿನದು. ಓದಿಗೂ ದುಡಿಮೆಗೂ ಹಂಚಿ ಮುಗಿದ ಮೇಲೆ ನಿದ್ದೆಗೆಂದು ಬೇರೆ ಹೊತ್ತನ್ನು ದೇವರು ಉಳಿಸಿರಲಿಲ್ಲ. ಹಾಗಾಗಿ ಅವಳು ಅದನ್ನು ಬಸ್ಸಿನಲ್ಲೇ ಮುಗಿಸಿಕೊಳ್ಳುತ್ತಿದ್ದಳು. ಸೀಟು ಸಿಗದಿದ್ದರೆ ನಿಂತುಕೊಂಡೇ.

ಸಂಜೆ ದೇವರಿಗೆ ದೀಪ ಹಚ್ಚುವುದೂ ಅವಳ ಪಾಲಿನ ಕೆಲಸ. ಒಂದು ದಿನ ಊದಿನಕಡ್ಡಿ ಹಚ್ಚಿದವಳು ಅದನ್ನು ಥರ್ಮಾಮೀಟರಿನಂತೆ ಜಾಡಿಸಿ, ಕಣ್ಣೆದುರು ಅಡ್ಡ ಹಿಡಿದು, ಹುಬ್ಬು ಗಂಟಿಕ್ಕಿ ನೋಡಿದಳು.

ಕುರ್ಚಿಯಲ್ಲಿ ಕೂತಿದ್ದ ನಾರಾಯಣಮ್ಮ ಕೇಳಿದರು: "ಎಷ್ಟೈತೆ ದೇವರಿಗೆ ಜ್ವರ?"

ಮೇಘಶ್ರೀ ನಕ್ಕಳು. ನಗು ಮುಗಿಯುವ ಮೊದಲೇ ಕಣ್ಣಲ್ಲಿ ನೀರು ಬಂತು.

"ಅಜ್ಜಿ, ಗುರುವಾರ ಪ್ರಾಕ್ಟಿಕಲ್ಲು. ಇಂಜೆಕ್ಷನ್ ಕೊಡೋದು. ಹೋದ್ಸಲ ಕಮಲಾದೇವಿ ಮೇಡಂ ಮುಂದೆ ನಿಂತಾಗ ಎಲ್ಲಾ ಮರ್ತೋಯ್ತು. ಈ ಸಲಾನೂ ಫೇಲಾದ್ರೆ ದೊಡ್ಡ ಪರೀಕ್ಷೆಗೇ ಕೂರ್ಸಲ್ಲ. ವರ್ಷ ಹೋದಂಗೆ."

"ನಂಗೆ ದಿನಾ ಸಕ್ಕರೆ ಕಾಯ್ಲೆ ಸೂಜಿ ಚುಚ್ತೀಯಲ್ಲೇ. ಆವಾಗ ಮರ್ಯಲ್ವಾ?"

"ಅದು ಕೈಗೆ ಗೊತ್ತಜ್ಜಿ. ಅಲ್ಲಿ ಒಂದೊಂದೇ ಬಾಯಲ್ಲಿ ಹೇಳ್ತಾ ಮಾಡ್ಬೇಕು. ಮೇಡಂ ಮುಖ ನೋಡಿದ್ರೆ ನಂಗೆ ಬಾಯೇ ಬರಲ್ಲ."

"ಹಾಲಿನೋನ ಜೊತೆ ಜಗಳ ಆಡ್ವಾಗ ಮಾತ್ರ ಎಲ್ಲಿಂದ ಬತ್ತದೋ!"

ನಾರಾಯಣಮ್ಮ ಚಿಕ್ಕವರಿದ್ದಾಗ ಆ ಬೀದಿಯೆಲ್ಲ ರಾಗಿ ಹೊಲ. ಕಣದಲ್ಲಿ ಕೂತು ಕಥೆ ಕೇಳಿ, ಕಥೆ ಹೇಳಿ ಬೆಳೆದ ಜೀವ ಅದು. ಆ ಕಥೆಗಳಿಗೊಂದು ಕಟ್ಟಳೆಯಿತ್ತು. ಕೇಳುವವರು ಮಾತಿಗೊಮ್ಮೆ "ಹ್ಞೂಂ" ಅನ್ನಲೇಬೇಕು. ಹ್ಞೂಂ ನಿಂತರೆ ಕಥೆಯೂ ನಿಂತಿತು. ರಾಜ ಕುದುರೆಯಿಂದ ಇಳಿಯುತ್ತಿದ್ದರೆ, ಪಾಪ, ಅವನ ಒಂದು ಕಾಲು ಗಾಳಿಯಲ್ಲೇ. ಹೇಳುವವರೊಬ್ಬರಿಂದಲೇ ಕಥೆಯಾಗುವುದಿಲ್ಲ ಎಂದು ಹಿರಿಯರು ತಿಳಿದಿದ್ದರು.

"ಕಥೆ ಮಾಡ್ಕೊಂಡು ಹೇಳು. ನಾನು ಹ್ಞೂಂ ಅಂತೀನಿ" ಎಂದರು ನಾರಾಯಣಮ್ಮ.

"ಇಂಜೆಕ್ಷನ್‌ಗೆ ಕಥೇನಾ ಅಜ್ಜಿ?"

"ಯಾಕೆ, ಸೂಜಿಗೇನು ಮರ್ಯಾದೆ ಇಲ್ವಾ? ಒಂದೂರಲ್ಲಿ ಒಬ್ಳು ನರ್ಸಮ್ಮ ಇದ್ಲಂತೆ. ಮುಂದಕ್ಕೆ ಹೇಳು."

"ಅವಳು ಮೊದ್ಲು ಡಾಕ್ಟರ್ ಬರ್ದಿದ್ದು ನೋಡಿದ್ಲು."

"ಹ್ಞೂಂ."

"ಕೈ ತೊಳ್ಕೊಂಡ್ಲು."

"ಸೋಪು ಹಾಕಿದ್ಲಾ?"

"ಹಾಕಿದ್ಲು ಅಜ್ಜಿ."

"ಹ್ಞೂಂ."

"ಸ್ಪಿರಿಟ್ ಹತ್ತೀಲಿ ತೋಳು ಒರೆಸಿದ್ಲು. ನಡುವಿಂದ ಹೊರಕ್ಕೆ, ಸುತ್ತಾ."

"ರಂಗೋಲಿ ಬಿಟ್ಲು ಅನ್ನು. ಹ್ಞೂಂ."

ಹೀಗೆ ಬೆಳಿಗ್ಗೆ ಗಂಜಿ ಕುಡಿಸುವಾಗೊಮ್ಮೆ, ಸಂಜೆ ಕಾಲಿಗೆ ಎಣ್ಣೆ ತಿಕ್ಕುವಾಗೊಮ್ಮೆ ನರ್ಸಮ್ಮನ ಕಥೆ ನಡೆಯಿತು. ಬುಧವಾರದ ಹೊತ್ತಿಗೆ ಅದು ನೀರು ಹರಿದಂತೆ ಹರಿಯುತ್ತಿತ್ತು. ನಾರಾಯಣಮ್ಮ ಅವಳ ಹಣೆಗೆ ವಿಭೂತಿ ಇಟ್ಟು ಕಳಿಸಿದರು. "ನಿಮ್ಮ ಶಿವ ಒಬ್ಬ ಸಾಕು. ಆದ್ರೂ ನಮ್ಮನೆ ದೇವರಿಗೂ ಒಂದು ಮಾತು ಹೇಳಿರ್ತೀನಿ, ಹೋಗು" ಎಂದರು.

ಗುರುವಾರ ಆಸ್ಪತ್ರೆಯ ವಾರ್ಡಿನಲ್ಲಿ ಅವಳ ಪಾಲಿಗೆ ಬಂದ ರೋಗಿ ಬೇಗೂರಿನ ಪಾಪಯ್ಯ. ತೋಳಿಗೆ ಇಂಜೆಕ್ಷನ್ ಎಂದು ತಿಳಿದಾಗಿನಿಂದ ಆತ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡಿದ್ದ. ಮಂಚದ ಆಚೆ ಬದಿಯಲ್ಲಿ ಕಮಲಾದೇವಿ ಮೇಡಂ ಪೆನ್ನು ಹಿಡಿದು ನಿಂತಿದ್ದರು. ಪರೀಕ್ಷೆಯಲ್ಲಿ ಮುಖದ ಮೇಲೆ ಏನನ್ನೂ ತೋರಿಸಬಾರದು ಎಂಬುದು ಅವರ ನೇಮ. ಹಿಂದೆ ಸರದಿಗೆ ಕಾದಿದ್ದವಳು ಸಹಪಾಠಿ ಐಶ್ವರ್ಯ.

"ಮೊದ್ಲು ಡಾಕ್ಟರ್ ಬರ್ದಿರೋದನ್ನ ನೋಡ್ತೀನಿ ಮೇಡಂ" ಎಂದಳು ಮೇಘಶ್ರೀ. ಎಂದು ನಿಂತಳು.

ಮೇಡಂ ಮುಂದಿನ ಮಾತಿಗೆ ಕಾದರು. ಇವಳು ಮೇಡಂ ಬಾಯಿ ನೋಡುತ್ತಾ ಕಾದಳು.

"ಏನು, ಈ ಸಲಾನೂ ಮರ್ತೋಯ್ತಾ?"

"ಇಲ್ಲ ಮೇಡಂ."

"ಮತ್ಯಾಕೆ ನಿಂತೆ?"

ಸುಳ್ಳು ಹೇಳುವಷ್ಟು ಎಚ್ಚರವೂ ಅವಳಲ್ಲಿ ಉಳಿದಿರಲಿಲ್ಲ. "ನೀವು ಹ್ಞೂಂ ಅನ್ಲಿಲ್ಲ ಮೇಡಂ."

ಐಶ್ವರ್ಯ ಬಾಯಿಗೆ ಕರ್ಚೀಫು ಒತ್ತಿಕೊಂಡಳು. "ನಾನ್ಯಾಕಮ್ಮ ಹ್ಞೂಂ ಅನ್ಬೇಕು? ಇದೇನು ಹರಿಕಥೆನಾ?" ಎಂದ ಮೇಡಂ ಪೆನ್ನನ್ನು ಹಾಳೆಯತ್ತ ಇಳಿಸಿದರು. ಆ ಪೆನ್ನಿನ ತುದಿಯಲ್ಲಿ ತನ್ನ ಒಂದು ವರ್ಷ ನೇತಾಡುತ್ತಿರುವುದು ಮೇಘಶ್ರೀಗೆ ಕಂಡಿತು.

ಆಗ ಹೊದಿಕೆಯೊಳಗಿಂದ ಪಾಪಯ್ಯನ ದನಿ ಬಂತು. "ನಂಗೇಳವ್ವ. ನಾನಂತೀನಿ ಹ್ಞೂಂ. ತೋಳು ನಂದಲ್ವಾ?"

ಮೇಘಶ್ರೀ ಮೇಡಂ ಕಡೆಯಿಂದ ಅವನತ್ತ ತಿರುಗಿದಳು. ಆಮೇಲೆ ಅವಳಿಗೆ ಮೇಡಂ ಕಾಣಲೇ ಇಲ್ಲ.

"ನಿಮ್ಮ ಹೆಸರು ಹೇಳಿ ತಾತ."

"ಪಾಪಯ್ಯ. ಹ್ಞೂಂ."

"ಕೈ ತೊಳ್ಕೊಂಡು ಬಂದೆ. ಇದು ನಿಮ್ಮದೇ ಔಷಧಿ, ನೋಡ್ಕೊಳಿ. ಸಿರಿಂಜಲ್ಲಿರೋ ಗಾಳಿ ಹೊರಗೆ ಬಿಡ್ತೀನಿ."

"ಹ್ಞೂಂ."

"ಈಗ ತೋಳು ಒರೆಸ್ತೀನಿ. ತಣ್ಣಗಾಗುತ್ತೆ."

"ಹ್ಞೂಂ, ತಣ್ಣಗೈತೆ."

"ಈಗ ಚುಚ್ತೀನಿ ತಾತ. ಇರುವೆ ಕಚ್ಚಿದಂಗೆ ಆಗುತ್ತೆ."

ಹ್ಞೂಂ ಬರಲಿಲ್ಲ. ಕಟ್ಟಳೆಯಂತೆ ಮೇಘಶ್ರೀ ನಿಂತಳು. ಸೂಜಿಯೂ ಗಾಳಿಯಲ್ಲಿ ನಿಂತಿತು. ಮೇಡಂ ಗಡಿಯಾರ ನೋಡಿಕೊಂಡರು.

"ತಾತ?"

"ವಸಿ ತಡಿಯವ್ವ. ನಮ್ಮೂರ ದೇವ್ರು ನಾಗೇಶ್ವರನ್ನ ನೆನೀತಾವ್ನಿ."

"ನಿಧಾನಕ್ಕೆ ನೆನೀರಿ. ನಾನಿಲ್ಲೇ ಇರ್ತೀನಿ."

ಪಾಪಯ್ಯನ ತುಟಿ ಅಲುಗಾಡಿ ನಿಂತಿತು. ಬಿಗಿಹಿಡಿದಿದ್ದ ತೋಳು ಸಡಿಲವಾಯಿತು. "ಹ್ಞೂಂ" ಎಂದ. ಸೂಜಿ ಹೋಗಿ ಬಂದದ್ದು ಅವನಿಗೆ ತಿಳಿದದ್ದು ಹತ್ತಿ ಒತ್ತಿ ಹಿಡಿದ ಮೇಲೆಯೇ.

"ಆಯ್ತಾ? ಇಷ್ಟೇನಾ ಕಥೆ?" ಎಂದ, ಸ್ವಲ್ಪ ಬೇಸರದಿಂದಲೇ.

ಮೇಡಂ ಹಾಳೆಯ ಮೇಲೆ ಏನೋ ಬರೆದರು. "ಚುಚ್ಚೋಕೆ ಮುಂಚೆ ರೋಗಿ ಒಪ್ಗೆ ಕೇಳ್ಬೇಕು ಅಂತ ಎಲ್ರೂ ಬಾಯಿಪಾಠ ಹೇಳ್ತಾರೆ. ಒಪ್ಗೆ ಬರೋ ತನಕ ಕಾಯೋರು ಕಮ್ಮಿ" ಎಂದರು. ಮುಖದಲ್ಲಿ ಆಗಲೂ ಏನೂ ಇರಲಿಲ್ಲ. "ಪಾಸು. ಇನ್ಮೇಲೆ ನನ್ನತ್ರ ಹ್ಞೂಂ ಗೀಂ ಅಂತ ಕೇಳ್ಬೇಡ. ಹೋಗು."

ಸರದಿಯೆಲ್ಲ ಮುಗಿಸಿ ಮೇಡಂ ಹೊರಗೆ ಬಂದಾಗ ಮೇಘಶ್ರೀ ವಾರ್ಡಿನ ಬಾಗಿಲಾಚೆಯ ಬೆಂಚಿನ ಮೇಲೆ ಗೋಡೆಗೊರಗಿ, ಬಾಯಿ ತೆರೆದು ಮಲಗಿಬಿಟ್ಟಿದ್ದಳು. ಎಬ್ಬಿಸಲು ಹೊರಟ ಐಶ್ವರ್ಯಳನ್ನು ಮೇಡಂ ಕೈಸನ್ನೆಯಲ್ಲೇ ತಡೆದರು.

ನೆಲ ಒರೆಸುತ್ತಿದ್ದ ಆಯಾ ಗಾಬರಿಯಿಂದ ಕೇಳಿದಳು: "ಈ ಹುಡ್ಗೀಗೆ ಏನಾಗಿದೆ ಮೇಡಂ?"

"ಏನಿಲ್ಲ. ಪಾಸಾಗಿದೆ" ಎಂದು ಮೇಡಂ ದನಿ ತಗ್ಗಿಸಿ ಹೇಳಿ, ಒದ್ದೆ ನೆಲದ ಮೇಲೆ ಚಪ್ಪಲಿ ಸದ್ದಾಗದಂತೆ ನಡೆದುಹೋದರು.