ಒಳಗಿನಿಂದ ತೆಗೆಯಲಾಗದ ಬಾಗಿಲು

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಹೇಳಬೇಕಾದವಳು ನಾನಲ್ಲ, ನನ್ನ ನಾದಿನಿ. ಅವಳಿಂದ ಆಗುತ್ತಿಲ್ಲ. ನನ್ನದು ಸಂಜೆ ಶಾಲೆಯಲ್ಲಿ ಕಲಿತ ನಾಲ್ಕಕ್ಷರ. ಎಲ್ಲಿ ಹೆಚ್ಚು ಹೇಳಿಬಿಡುತ್ತೇನೋ, ಎಲ್ಲಿ ಕಡಿಮೆ ಹೇಳಿ ಅವಳಿಗೆ ಅನ್ಯಾಯ ಮಾಡುತ್ತೇನೋ ಎಂಬ ದಿಗಿಲಿನಲ್ಲೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ಅಲ್ಲಿ ಕೆಲಸ ಮಾಡಿದವರು ಯಾರಾದರೂ ತಿದ್ದಲಿ.

"ಯಾವ ಬೇವರ್ಸಿ ಮುಂಡೇನೇ ಇದನ್ನ ಇಟ್ಟಿದ್ದು?"

ಸೂಪರ್‌ವೈಸರ್ ಕೋಲ್ಡ್ ರೂಮಿನ ಬಾಗಿಲ ಸಂದಿಗೆ ಇಟ್ಟಿದ್ದ ಬೆಣೆಯನ್ನು ಬೂಟುಗಾಲಿನಿಂದ ಒದ್ದ. ಮರದ ಆ ತುಂಡು ಒದ್ದೆ ನೆಲದ ಮೇಲೆ ಜಾರಿಕೊಂಡು ಬಂದು ನಮ್ಮ ಮೇಜಿನ ಕಾಲಿಗೆ ಬಡಿಯಿತು. ಮೀನು ಸೀಳುತ್ತಿದ್ದ ಒಬ್ಬಳೂ ತಲೆ ಎತ್ತಲಿಲ್ಲ.

"ಬಾಯಲ್ಲಿ ಏನು ಮಡಿಕ್ಕೊಂಡಿದೀರಾ? ಬಾಗಿಲು ಸಂದು ಬಿಟ್ರೆ ಒಳಗಿನ ತಂಪೆಲ್ಲ ಹೊರಗೆ ಹೋಗುತ್ತೆ. ಕರೆಂಟ್ ಬಿಲ್ಲು ನಿಮ್ಮಪ್ಪ ಕಟ್ತಾನಾ?"

"ನಮ್ಮಪ್ಪ ಇದ್ದಿದ್ರೆ ಬಿಲ್ಲೇನು, ನಿಮ್ಮ ಬಾಯೀನೂ ಕಟ್ತಿದ್ದ," ಎಂದಳು ನನ್ನ ನಾದಿನಿ, ಮೀನಿನ ಕಡೆಗೇ ನೋಡುತ್ತಾ.

"ಏನಂದೆ?"

"ಕಟ್ಟೋ ಅಷ್ಟು ಇರಲಿಲ್ಲ ಸಾರ್ ನಮ್ಮಪ್ಪನ ಹತ್ರ ಅಂದೆ."

ಪಕ್ಕದವಳು ನಗು ತಡೆಯಲಾರದೆ ಕೆಮ್ಮಿದಳು. ಸೂಪರ್‌ವೈಸರ್ ನಾದಿನಿಯ ಬೆನ್ನಿಗೆ ತೀರಾ ಹತ್ತಿರ ಬಂದು ನಿಂತ. "ನಾಲಿಗೆ ಉದ್ದ ಆಗಿದೆ ನಿಂಗೆ. ಹೊರಗೆ ಗೇಟಿನ ಹತ್ರ ಹೋಗಿ ನೋಡು, ನಿನ್ನ ಜಾಗಕ್ಕೆ ಎಷ್ಟು ಜನ ಕಾಯ್ತಿದಾರೆ ಅಂತ. ಇರೋದಕ್ಕೆ ಕೈ ಮುಗಿಯೋದು ಕಲಿ, ಲೌಡಿ."

ಅವನು ಅತ್ತ ಹೋದದ್ದೇ ಅವಳು ಬೆಣೆಯನ್ನೆತ್ತಿ ಸೆರಗಿಗೆ ಒರೆಸಿಕೊಂಡಳು. ನಾನು ಅವಳ ಕಿವಿಯ ಹತ್ತಿರ ಬಗ್ಗಿದೆ.

"ಸುಮ್ನಿರೇ. ಯಾಕೆ ಅವನ ಬಾಯಿಗೆ ಬೀಳ್ತೀಯಾ?"

"ಅತ್ತಿಗೆ, ನೀನು ಹೆದರ್ಕೊಂಡೇ ಹುಟ್ಟಿದವಳು. ನಿಮ್ಮವ್ವನಿಗೆ ಹೆರಿಗೆ ನೋವಿಗಿಂತ ನಿನ್ನ ನಡುಕವೇ ಜಾಸ್ತಿ ಆಗಿರಬೇಕು."

ನಮ್ಮದು ಮೀನಿನ ಕಾರ್ಖಾನೆ. ಹೆಂಗಸರು ಸಾಲಾಗಿ ನಿಂತು ಮೀನು ಸೀಳಿ, ತೊಳೆದು ಪೆಟ್ಟಿಗೆಗೆ ತುಂಬುತ್ತೇವೆ. ಪೆಟ್ಟಿಗೆಗಳು ಓಣಿಯ ಕೊನೆಯಲ್ಲಿರುವ ಕೋಲ್ಡ್ ರೂಮಿಗೆ ಹೋಗುತ್ತವೆ. ಅಲ್ಲಿ ಮೀನು ಕಲ್ಲಾಗುತ್ತದೆ. ಅದಕ್ಕೆ ನಾವಿಟ್ಟ ಹೆಸರು ಅತ್ತೆಮನೆ. ಒಳಗೆ ಹೋಗುವುದು ನಮ್ಮ ಕೈಯಲ್ಲಿದೆ, ಹೊರಗೆ ಬರಬೇಕಾದರೆ ಬೇರೆಯವರು ಮನಸ್ಸು ಮಾಡಬೇಕು. ಯಾಕೆಂದರೆ ಒಳಗಿನಿಂದ ಒತ್ತಿ ಬಾಗಿಲು ತೆಗೆಯುವ ಗುಂಡಿ ಮುರಿದು ಯಾವ ಕಾಲವಾಯಿತೋ. ನಾನು ಕೆಲಸಕ್ಕೆ ಸೇರುವಾಗಲೇ ಅಲ್ಲಿ ಬರೀ ತೂತು ಇತ್ತು.

ಆಗ ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಒಬ್ಬ ಅಜ್ಜಿ ಕೂರುತ್ತಿತ್ತು. ಅದೇ ಅದರ ಕೆಲಸ. ಯಾರಾದರೂ ಒಳಗೆ ಹೋದರೆ ಆಗಾಗ ಬಾಗಿಲು ತೆರೆದು, "ಇದೀಯೇನೇ?" ಎಂದು ಕೂಗುವುದು. ಒಳಗಿನಿಂದ "ಇದೀನಜ್ಜೀ" ಎಂದು ಬಂದರೆ ಮತ್ತೆ ಬಾಗಿಲು ಹಾಕಿ ಎಲೆಯಡಿಕೆ ಜಗಿಯುವುದು. ಕಷ್ಟಕಾಲ ಬಂತು, ವ್ಯಾಪಾರ ಬಿತ್ತು ಎಂದು ಮಾಲೀಕರು ಜನರನ್ನು ಕಡಿಮೆ ಮಾಡಿದಾಗ ಮೊದಲು ಹೋದದ್ದು ಅಜ್ಜಿ. ಕೂತು ಸಂಬಳ ತಿನ್ನುತ್ತಾಳೆ ಎಂದು ಕಾರಣ. ಹೋಗುವಾಗ ಅದು ನಮಗೆ ಹೇಳಿತು: "ಒಬ್ಬೊಬ್ಬರೇ ಹೋಗಬೇಡ್ರೇ ಒಳಗೆ. ಹೋದ್ರೆ ಹಾಡು ಹೇಳ್ಕೊಂಡು ಹೋಗ್ರಿ. ಹೆಣ ಎಲ್ಲಿದೆ ಅಂತಾದ್ರೂ ಗೊತ್ತಾಗಲಿ."

ನಾವು ನಕ್ಕೆವು. ಆಮೇಲೆ ಬಾಗಿಲಿಗೆ ಬೆಣೆ ಇಡುವುದನ್ನು ನಾವೇ ಕಂಡುಕೊಂಡೆವು. ದಪ್ಪ ಕೋಟುಗಳು ಹರಿದವು, ಹೊಸತು ಬರಲಿಲ್ಲ. ಜೊತೆಗೆ ಹೋಗುತ್ತಿದ್ದವಳನ್ನೂ ಸೀಳುವ ಮೇಜಿಗೆ ಹಾಕಿದರು. ಕೊನೆಗೆ ಪೆಟ್ಟಿಗೆ ಒಯ್ಯುವ ಕೆಲಸ ನಾದಿನಿಯೊಬ್ಬಳ ಪಾಲಿಗೆ ಬಂತು. ಅವಳು ಗಂಡನ ಮನೆ ಬಿಟ್ಟು ನಮ್ಮ ಜೊತೆ ಇರುವವಳು. "ಆ ಅತ್ತೆಮನೆ ಕಂಡವಳಿಗೆ ಈ ಅತ್ತೆಮನೆ ಯಾವ ಲೆಕ್ಕ?" ಎನ್ನುತ್ತಾ ಜಿಪ್ಪು ಕಿತ್ತ ಕೋಟಿಗೆ ಹಗ್ಗ ಬಿಗಿದು, ಕೈಗಾಡಿ ತಳ್ಳಿಕೊಂಡು ಹೋಗುತ್ತಿದ್ದಳು.

ಜನ ಕಡಿಮೆಯಾದ ಮೇಲೆ ಬಂದವರು ಚಪ್ಪಾಳೆ ಮೇಷ್ಟ್ರು. ಅವರ ನಿಜವಾದ ಹುದ್ದೆ ಏನೋ ಇತ್ತು, ನಮ್ಮ ನಾಲಿಗೆಗೆ ಹತ್ತಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮೈಕು, ಮಾತು ಬಲು ಮೃದು. ವಾರಕ್ಕೊಮ್ಮೆ ನಮ್ಮನ್ನು ಪ್ಯಾಕಿಂಗ್ ಹಾಲ್‌ನಲ್ಲಿ ನೆಲದ ಮೇಲೆ ಕೂರಿಸಿ, ಕಷ್ಟಕಾಲದಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆ, ಕೆಲಸ ಕೊಟ್ಟವರನ್ನು ನೆನೆಯುವುದು ಹೇಗೆ ಎಂದು ಕಲಿಸುತ್ತಿದ್ದರು. ಒಬ್ಬೊಬ್ಬರೂ ಎದ್ದು ಮೈಕು ಹಿಡಿದು ಯಾವುದಕ್ಕಾದರೂ ಕೃತಜ್ಞತೆ ಹೇಳಬೇಕು. ಹೇಳಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಬೇಕು. ಹೇಳದಿದ್ದವರ ಮುಖವನ್ನು ಸೂಪರ್‌ವೈಸರ್ ನೆನಪಿಟ್ಟುಕೊಳ್ಳುತ್ತಿದ್ದ. ಹಾಗೆ ಸುಮ್ಮನೆ ಕೂತಿದ್ದ ಒಬ್ಬಳು ಮುಂದಿನ ವಾರ ಗೇಟಿನ ಆಚೆ ನಿಂತಿದ್ದಳು.

ಬೆಣೆ ಒದ್ದ ಆ ದಿನವೂ ಸೂಪರ್‌ವೈಸರ್ ಸೀಟಿ ಊದಿದ.

"ಇದ್ದಲ್ಲೇ ಬಿಟ್ಟು ಬನ್ನಿ. ನಡೀರಿ, ನಡೀರಿ! ಮೇಷ್ಟ್ರು ಕಾಯ್ತಿದಾರೆ."

ಚಾಕು ಇಟ್ಟು, ಕೈ ತೊಳೆದು, ಓಣಿಯಲ್ಲಿ ಒಬ್ಬರ ಹಿಂದೊಬ್ಬರು ತಳ್ಳಾಡಿಕೊಂಡು ಹೊರಟೆವು. ಕೋಲ್ಡ್ ರೂಮಿನ ಮುಂದೆಯೇ ದಾರಿ. ಯಂತ್ರಗಳು ಗುಂಯ್ ಎನ್ನುತ್ತಿದ್ದವು. ನಾನು ಬಾಗಿಲ ಕಡೆ ನೋಡಿದೆನೋ ಇಲ್ಲವೋ, ಎಷ್ಟು ಯೋಚಿಸಿದರೂ ಕಣ್ಣಿಗೆ ಬರುವುದು ಮುಂದಿನವಳ ಒದ್ದೆ ಬೆನ್ನು ಮಾತ್ರ.

ಹಾಲ್‌ನಲ್ಲಿ ಕೂತ ಮೇಲೆ ಸೂಪರ್‌ವೈಸರ್ ಶಟರ್ ಎಳೆದ. ನಡುವೆ ಯಾರೂ ಜಾರಿಕೊಳ್ಳಬಾರದು ಎಂದು ಪ್ರತಿ ಸಲ ಎಳೆಯುತ್ತಿದ್ದ.

"ಎಲ್ಲರೂ ಬಂದ್ರಾ?"

"ಬಂದ್ವೀ ಸಾರ್," ಎಂದೆವು, ಶಾಲೆಯ ಮಕ್ಕಳಂತೆ. ನಾನೂ ಅಂದೆ. ಅಂದ ಮೇಲೆ ಪಕ್ಕಕ್ಕೆ ನೋಡಿದೆ. ನಾದಿನಿ ಕೂರುವ ಜಾಗದಲ್ಲಿ ಬೇರೊಬ್ಬಳು ಕಾಲು ಚಾಚಿದ್ದಳು.

ಹಿಂದೆ ಕೂತಿರಬಹುದು. ಕಕ್ಕಸಿಗೆ ಹೋಗಿರಬಹುದು. ಕುತ್ತಿಗೆ ತಿರುಗಿಸಿ ತಿರುಗಿಸಿ ಹುಡುಕಿದೆ.

ಮೇಷ್ಟ್ರು ಒಂದು ರಬ್ಬರ್ ಚೆಂಡು ತಂದಿದ್ದರು. ಅದನ್ನು ನೆಲಕ್ಕೆ ಎಸೆದರು. ಅದು ಪುಟಿದು ಅವರ ಕೈಗೇ ಬಂತು. "ನೋಡಿ, ಎಷ್ಟು ಜೋರಾಗಿ ಬಿದ್ದರೆ ಅಷ್ಟು ಎತ್ತರಕ್ಕೆ ಏಳುತ್ತೆ. ನಾವೂ ಹೀಗಾಗಬೇಕು. ಕಷ್ಟ ನಮ್ಮನ್ನು ಕೆಳಗೆ ಎಸೆದರೆ ಏನು ಮಾಡಬೇಕು?"

"ಎಸೆದವನ ಮೂತಿಗೆ ಬಡೀಬೇಕು," ಎಂದು ಲಾರಿಗೆ ಪೆಟ್ಟಿಗೆ ಏರಿಸುವ ಹಮಾಲಿ ಗೊಣಗಿದ. ವಯಸ್ಸಾದ ದೊಡ್ಡ ಆಳು. ನಾವೆಲ್ಲ ಅವನನ್ನು ಮಾವ ಎನ್ನುತ್ತೇವೆ.

ನಾನು ಹಿಂದಿನವಳನ್ನು ಕೇಳಿದೆ. "ನನ್ನ ನಾದಿನೀನ ನೋಡಿದ್ಯೇನೇ?"

"ಆಗಲೇ ಗಾಡಿ ತಳ್ಕೊಂಡು ಹೋದ್ಲಲ್ಲ, ಅತ್ತೆಮನೆಗೆ."

"ಬಂದ್ಲಾ?"

ಅವಳು ತುಟಿ ಮುಂದು ಮಾಡಿ, ಗೊತ್ತಿಲ್ಲ ಎಂದಳು. ಮರುಗಳಿಗೆ ಅವಳ ಮುಖದ ಬಣ್ಣ ಇಳಿಯಿತು.

ನಾನು ಕೈ ಎತ್ತಿದೆ. ಸೂಪರ್‌ವೈಸರ್ ಬಂದು ಬಗ್ಗಿದ. "ಏನು ಟೀಚರಮ್ಮ?" ಸಂಜೆ ಶಾಲೆಗೆ ಹೋದದ್ದಕ್ಕೆ ಅವನು ಕೊಟ್ಟ ಬಿರುದು ಅದು.

"ಸಾರ್, ನನ್ನ ನಾದಿನಿ ಕೋಲ್ಡ್ ರೂಮಲ್ಲಿ ಇರಬೇಕು ಸಾರ್. ಒಂದು ಸಲ ನೋಡಿ ಬರ್ತೀನಿ."

"ಬೆಣೆ ಇಟ್ಟಿರ್ತಾಳಲ್ಲ ನಿನ್ನ ನಾದಿನಿ? ಎಲ್ಲೋ ಮೂಲೇಲಿ ಕಾಲು ಚಾಚ್ಕೊಂಡಿರ್ತಾಳೆ. ಕೂತ್ಕೋ. ನಿನ್ನ ಸರದಿ ಬರುತ್ತೆ."

ಕೂತೆ. ಈಗ ಬರೆಯುವಾಗ ಕೈ ನಿಲ್ಲುತ್ತದೆ, ಆದರೆ ಕೂತದ್ದು ನಿಜ.

ಮೈಕು ಸಾಲಿನಲ್ಲಿ ಬರುತ್ತಿತ್ತು. ಒಬ್ಬಳು ಕೆಲಸ ಇರುವುದಕ್ಕೆ ಕೃತಜ್ಞತೆ ಹೇಳಿದಳು. ಚಪ್ಪಾಳೆ. ಒಬ್ಬಳು ಕುಡಿಯುವ ನೀರಿಗೆ. ಚಪ್ಪಾಳೆ. ಕಳೆದ ತಿಂಗಳು ಬೆರಳು ಸೀಳಿಸಿಕೊಂಡವಳು ಉಳಿದ ಬೆರಳುಗಳಿಗೆ ಹೇಳಿದಳು. "ಅದ್ಭುತ! ಇದೇ ನೋಡಿ ಗಟ್ಟಿತನ!" ಎಂದರು ಮೇಷ್ಟ್ರು. ಚಪ್ಪಾಳೆ ಜೋರಾಯಿತು. ಪ್ರತಿ ಚಪ್ಪಾಳೆ ನಿಂತಾಗಲೂ ನಾನು ಕಿವಿ ಕೊಟ್ಟೆ. ಯಂತ್ರದ ಗುಂಯ್ ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಆ ಬಾಗಿಲಿನ ದಪ್ಪಕ್ಕೆ ಒಳಗೆ ಗುಡುಗಿದರೂ ಕೇಳದು.

ಹೇಳಿದ್ದು ಸಾಲದಾದವರಿಗೆ ಮೇಷ್ಟ್ರು ಮತ್ತೊಮ್ಮೆ ಹೇಳಿಸಿದರು. "ಮನಸ್ಸಿನಾಳದಿಂದ ಬರಲಿ. ಆತುರ ಏನಿಲ್ಲ." ಊಟದ ಹೊತ್ತು ದಾಟಿತು. ಮೈಕು ನನ್ನ ಕೈಗೆ ಬಂದಾಗ ಅದು ಬೆವರಿನಿಂದ ಅಂಟಂಟಾಗಿತ್ತು.

"ನನ್ನ ನಾದಿನಿ ಒಳಗಿದಾಳೆ," ಎಂದೆ. ನನ್ನ ದನಿ ಹಾಲ್ ತುಂಬ ಕೇಳಿ ನಾನೇ ಬೆಚ್ಚಿದೆ.

ಮೇಷ್ಟ್ರು ಮುಗುಳ್ನಕ್ಕರು. "ಒಳ್ಳೇದು. ಕುಟುಂಬ ಯಾವಾಗಲೂ ನಮ್ಮ ಮನಸ್ಸಿನ ಒಳಗೇ ಇರುತ್ತೆ. ನಾದಿನಿಗೆ ಕೃತಜ್ಞತೆ. ಅಲ್ವಾ?"

"ಕೋಲ್ಡ್ ರೂಮಿನ ಒಳಗೆ ಸಾರ್. ಬಾಗಿಲು ಮುಚ್ಚಿರಬೇಕು. ಒಳಗಿಂದ ತೆಗೆಯೋಕೆ ಬರಲ್ಲ."

"ನೋಡಿ, ಭಯ ಬಂದಾಗ ಏನು ಮಾಡಬೇಕು ಅಂತ ಹೋದ ವಾರ ಹೇಳಿದ್ದೆ. ದೀರ್ಘವಾಗಿ ಉಸಿರು ತಗೊಳ್ಳಿ. ಎಲ್ಲರೂ ಇವರಿಗೆ ಧೈರ್ಯ ಕೊಡೋಣ."

ಅವರು ಕೈ ಎತ್ತಿದರು. ರೂಢಿ ಅಷ್ಟು ಬಲವಾಗಿತ್ತು. ಜನ ಚಪ್ಪಾಳೆ ತಟ್ಟಿದರು. ನನ್ನ ಮಾತು ಕೇಳಿಸಿಕೊಂಡವರೂ ತಟ್ಟಿದರು, ಕಣ್ಣು ನನ್ನ ಮೇಲೆ, ಕೈ ತಾನಾಗಿ.

ಮಾವ ತಟ್ಟಲಿಲ್ಲ. ಎದ್ದು ನಿಂತ.

"ಕೂತ್ಕೊಳೋ," ಎಂದ ಸೂಪರ್‌ವೈಸರ್.

"ಶಟರ್ ಎತ್ತು."

"ಇದು ಮುಗೀಲಿ ಮೊದಲು. ಕೂತ್ಕೊಳೋ ಮುದಿಯಾ."

"ಹೆಣ್ಣುಮಗಳು ಒಳಗೆ ಕಟ್ಟಿಗೆ ಆಗ್ತಿದಾಳೆ, ನಿನಗೆ ಪೂಜೆ ಮುಗೀಬೇಕೇನೋ ಬೋಳಿಮಗನೆ? ಎತ್ತೋ ಶಟರ್!"

ಸೂಪರ್‌ವೈಸರ್ ಶಟರಿಗೆ ಬೆನ್ನು ಕೊಟ್ಟು ನಿಂತ. ಬೆರಳು ಸೀಳಿಸಿಕೊಂಡವಳು ಎದ್ದಳು. ಅವಳ ಪಕ್ಕದವಳು ಎದ್ದಳು. ಆಮೇಲೆ ಯಾರು ಎದ್ದರು, ಯಾರು ಕೂತರು ಎಂದು ನೋಡುವಂತಿರಲಿಲ್ಲ. ಸೂಪರ್‌ವೈಸರನ ಅಂಗಿ ಹಿಡಿದು ಯಾರೋ ಪಕ್ಕಕ್ಕೆಳೆದರು, ಶಟರ್ ಕಿರುಚುತ್ತಾ ಮೇಲೆ ಹೋಯಿತು. "ಶಾಂತಿ, ಶಾಂತಿ," ಎಂದು ಮೈಕು ಹಿಂದಿನಿಂದ ಹೇಳುತ್ತಲೇ ಇತ್ತು.

ಕೋಲ್ಡ್ ರೂಮಿನ ಬಾಗಿಲು ಬಿಗಿಯಾಗಿ ಮುಚ್ಚಿತ್ತು. ಬೆಣೆ ಎದುರು ಗೋಡೆಯ ಬುಡದಲ್ಲಿ ಬಿದ್ದಿತ್ತು. ಯಾರಾದರೂ ಬೇಕೆಂದೇ ಒದ್ದರೋ, ತಳ್ಳಾಟದಲ್ಲಿ ನಮ್ಮಲ್ಲೇ ಯಾರ ಕಾಲಿಗೆ ಸಿಕ್ಕಿತೋ.

ಮಾವ ಹಿಡಿಕೆ ಎಳೆದ. ಬಾಗಿಲ ಜೊತೆಗೇ ಅವಳು ಹೊರಕ್ಕೆ ಬಂದಳು, ಅದಕ್ಕೇ ಆತು ಕೂತಿದ್ದಳು. ಕೋಟಿನ ಹಗ್ಗ ಗಟ್ಟಿಯಾಗಿತ್ತು. ರೆಪ್ಪೆ ಬೆಳ್ಳಗಾಗಿತ್ತು. ಬಾಗಿಲ ಒಳಮೈಯ ತಗಡಿನ ಮೇಲೆ, ಅವಳ ಎತ್ತರಕ್ಕೆ ಸರಿಯಾಗಿ, ಅಂಗೈಯ ಚರ್ಮ ಅಂಟಿಕೊಂಡಿತ್ತು. ಮೊದಲು ಮೇಲೆ, ಆಮೇಲೆ ಸ್ವಲ್ಪ ಕೆಳಗೆ, ಆಮೇಲೆ ಕೂತವಳ ಕೈಗೆ ಎಟಕುವಲ್ಲಿ.

ನಾನು ಅವಳನ್ನು ಮಡಿಲಿಗೆ ಎಳೆದುಕೊಂಡೆ. ಹೆಂಗಸರು ತಮ್ಮ ಸೆರಗು, ಸ್ವೆಟರು, ಸಿಕ್ಕಿದ್ದನ್ನೆಲ್ಲ ಅವಳ ಮೇಲೆ ಹಾಕಿದರು. ಅವಳ ತುಟಿ ಅಲ್ಲಾಡಿತು. ಕಿವಿ ಹತ್ತಿರ ತಂದೆ.

"ಬಾಗಿಲು ಹಾಕ್ರೋ!" ಓಡಿಬಂದ ಸೂಪರ್‌ವೈಸರ್ ಕೂಗಿದ. "ಮಾಲು ಹಾಳಾಗುತ್ತೆ, ಬಾಗಿಲು ಹಾಕ್ರೋ ಮೊದಲು!"

ಮಾವ ಸೀದಾ ಲಾರಿಯ ಕಡೆ ಹೋದ. ಬರುವಾಗ ಕೈಯಲ್ಲಿ ಹಾರೆ ಇತ್ತು. ಸೂಪರ್‌ವೈಸರ್ ಹಿಂದೆ ಹಿಂದೆ ಸರಿದ. ಮಾವ ಅವನ ಕಡೆ ನೋಡಲೂ ಇಲ್ಲ. ಹಾರೆಯನ್ನು ಬಾಗಿಲಿನ ಕೀಲಿಗೆ ಕೊಟ್ಟು ಮೀಟಿದ. ಮೇಲಿನ ಕೀಲು ಬಿಟ್ಟಿತು. ಮೂವರು ಹೆಂಗಸರು ಬಾಗಿಲಿಗೆ ಹೆಗಲು ಕೊಟ್ಟರು. ಕೆಳಗಿನ ಕೀಲು ಬಿಟ್ಟಾಗ ಆ ದಪ್ಪ ಬಾಗಿಲು ಓಣಿಗೆ ಅಡ್ಡಲಾಗಿ ಬಿದ್ದು ನೆಲ ನಡುಗಿತು.

"ಈಗ ಹಾಕು," ಎಂದ ಮಾವ.

ಮಾಲೀಕರು ಬಂದರು. ಬಾಗಿಲನ್ನು ಮತ್ತೆ ನಿಲ್ಲಿಸಿದವರಿಗೆ ಕೆಲಸ ಇರುತ್ತದೆ, ಉಳಿದವರಿಗೆ ಇಲ್ಲ ಎಂದರು. ಒಬ್ಬರೂ ಬಗ್ಗಲಿಲ್ಲ. ನಾದಿನಿಯನ್ನು ಮೀನಿನ ಲಾರಿಯಲ್ಲೇ ಆಸ್ಪತ್ರೆಗೆ ಒಯ್ದೆವು. ಉಳಿದವರು ಬಿದ್ದ ಬಾಗಿಲ ಮೇಲೆ ಹತ್ತಿ ಕೂತರು. ಒಳಗಿನ ಬಿಳಿ ಹೊಗೆ ಅವರ ಕಾಲುಗಳನ್ನು ಸುತ್ತಿಕೊಂಡು ಗೇಟಿನವರೆಗೂ ಹೋಗುತ್ತಿತ್ತಂತೆ. ಸಂಜೆಯ ಹೊತ್ತಿಗೆ ಪೆಟ್ಟಿಗೆಗಳಿಂದ ನೀರು ತೊಟ್ಟಿಕ್ಕತೊಡಗಿತಂತೆ.

ಬಾಗಿಲು ಕಿತ್ತದ್ದಕ್ಕೆ ಮಾವನ ಮೇಲೆ ಕೇಸಾಗಿದೆ. ಕಿತ್ತವರು ನಾವೆಲ್ಲ ಎಂದು ಠಾಣೆಯಲ್ಲಿ ಹೇಳಿದ್ದೇವೆ. ಬಾಗಿಲು ಮುಚ್ಚಿದ್ದಕ್ಕೆ ಯಾರ ಮೇಲೂ ಕೇಸಿಲ್ಲ. ನಾದಿನಿಯ ಎರಡು ಕೈಗೂ ಬಟ್ಟೆ ಸುತ್ತಿದ್ದಾರೆ. ಯಾವ ಬೆರಳು ಉಳಿಯುತ್ತದೆ ಎಂದು ಡಾಕ್ಟರು ಇನ್ನೂ ಹೇಳಿಲ್ಲ. ಆ ದಿನದ ಮಾತೆತ್ತಿದರೆ ಅವಳು ಗೋಡೆ ಕಡೆ ಮಗ್ಗುಲಾಗುತ್ತಾಳೆ.

ಚಪ್ಪಾಳೆ ಮೇಷ್ಟ್ರು ಈಗ ಬೇರೆ ಕಾರ್ಖಾನೆಗಳಲ್ಲಿ ಇವಳ ಕಥೆ ಹೇಳುತ್ತಿದ್ದಾರಂತೆ. ಸಾವಿನ ಬಾಯಿಂದ ಬಂದ ಹೆಣ್ಣುಮಗಳು ಕಣ್ಣು ಬಿಟ್ಟು ಮೊದಲು ಆಡಿದ ಮಾತು ಕೃತಜ್ಞತೆಯದು, ನಾನೇ ಕಿವಿಯಾರೆ ಕೇಳಿದೆ ಎನ್ನುತ್ತಾರಂತೆ. ಜನ ಅತ್ತು ಚಪ್ಪಾಳೆ ತಟ್ಟುತ್ತಾರಂತೆ. ಅವರು ಆಗ ಹಾಲ್‌ನಲ್ಲಿದ್ದರು. ಅವಳ ಬಾಯಿಗೆ ಕಿವಿ ಇಟ್ಟವಳು ನಾನು. ತುಟಿ ಅಲ್ಲಾಡಿದ್ದು ನಿಜ. ಅದು ಬೈಗುಳವೋ, ಯಾರದೋ ಹೆಸರೋ, ನೀರು ಎಂದಳೋ, ಬಾಗಿಲು ಮುಚ್ಚಿದವರು ಯಾರು ಎಂದು ಹೇಳಿದಳೋ. ಕೇಳಿಸಿದ್ದರೆ ಹೇಳುತ್ತಿದ್ದೆ. ನನಗೆ ಕೇಳಿಸಲಿಲ್ಲ.